ಪವಿತ್ರದ ಗಂಟು ಹಾಕುವಷ್ಟು ಹೊತ್ತು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ನನ್ನ ಬಗ್ಗೆ ಏನಾದ್ರೂ ಗೀಚೋದಿದ್ರೆ ಹೆಸರು ಹಾಕ್ಬೇಡ ಕಣೇ. ಹೆಸರು ಕಂಡ ತಕ್ಷಣ ಜನ ಕತೆ ಓದೋದು ಬಿಟ್ಟು ಮನೆ ಹುಡುಕ್ತಾರೆ" ಎಂದು ಅವರೇ ಹೇಳಿದ್ದರು. ಕಾಶಿಯ ಹನುಮಾನ್ ಘಾಟಿನ ಕನ್ನಡದ ಮನೆಗಳಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಮೆಟ್ಟಿಲ ಮೇಲೆ ಹೂವು ಮಾರುವವಳಿಗೆ ಮೇಡಂಜಿ. ಕರ್ನಾಟಕದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ಮದುವೆಯಾಗದೆ ಉಳಿದು, ನಿವೃತ್ತಿಯಾದ ಮೇಲೆ ಒಬ್ಬರೇ ಕಾಶಿಗೆ ಬಂದು ಪಕ್ಕದ ಶಿವಾಲ ಮೊಹಲ್ಲಾದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದರು. ಕೊನೆಗಾಲಕ್ಕೆಂದು ಇಲ್ಲಿಗೆ ಬರುವ ನಮ್ಮ ಕಡೆಯ ಮುದುಕಿಯರು ಬಂದ ವಾರದೊಳಗೆ ಮೊಣಕಾಲು, ಸೊಸೆ, ಊರಿನ ಜಮೀನು ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮೇಡಂ ನಾಲ್ಕು ವರ್ಷ ಇದ್ದರು. ತಮ್ಮ ವಿಷಯ ನಿಜವಾಗಿ ಹೇಳಿದ್ದು ಒಂದೇ ಸಲ, ಅದೂ ನಾನು ಅವರೊಂದಿಗೆ ನಿರ್ದಯವಾಗಿ ನಡೆದುಕೊಂಡ ಮೇಲೆ.

ಅವರು ಹೋಗಿ ನಾಲ್ಕು ವರ್ಷ ದಾಟಿದೆ. ನಿನ್ನೆ ಅವರ ತಂಗಿಯ ತಿಥಿ ಇತ್ತು. ನಿನ್ನೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕಾದರೆ ಮೇಡಂ ಎಂಥವರು ಎಂದು ಮೊದಲು ಹೇಳಬೇಕು. ಅದಕ್ಕೂ ಮೊದಲು ನಮ್ಮ ಮಾವನವರ ಒಂದು ಪದ್ಧತಿಯ ಬಗ್ಗೆ ಹೇಳಬೇಕು.

ಮಾವನವರು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರಾಗಿದ್ದರು. ಕೆಲಸ ಶುರು ಮಾಡುವ ಮುನ್ನ ಮೂರು ಪ್ರಶ್ನೆ ಕೇಳುತ್ತಿದ್ದರು: ಹೆಸರೇನು, ಗೋತ್ರ ಯಾವುದು, ಹೇಗೆ ಹೋದರು. ಮೊದಲೆರಡರ ಉತ್ತರ ಪುಸ್ತಕದಲ್ಲಿದ್ದರೆ ಮತ್ತೆ ಕೇಳುತ್ತಿರಲಿಲ್ಲ. ಮೂರನೆಯದನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಕೇಳುತ್ತಿದ್ದರು. ಕೇಳಿ, ತಲೆ ತಗ್ಗಿಸಿ, ಬೆರಳಿಗೆ ಹಾಕುವ ದರ್ಭೆಯ ಪವಿತ್ರ ಕಟ್ಟಲು ತೊಡಗುತ್ತಿದ್ದರು. ಗಂಟು ಬಿಗಿಯುವ ತನಕ ಮುಖ ಎತ್ತುತ್ತಿರಲಿಲ್ಲ. ಕೈಬಳಕೆಯವರಿಗೆ ಚಿಟಿಕೆಯಲ್ಲಿ ಆಗುವ ಗಂಟು ಅದು, ಅವರು ಬೇಕೆಂದೇ ತಡ ಮಾಡುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಎಲ್ರೂ ಮೊದಲನೇ ವರ್ಷ ನಿಜ ಹೇಳಲ್ಲಮ್ಮ. ಬಾವಿಗೆ ಬಿದ್ದೋರನ್ನ ಜ್ವರ ಅಂತಾರೆ. ಕೆಲವರಿಗೆ ಮೂರು ವರ್ಷ ಬೇಕು, ಕೆಲವರಿಗೆ ಹತ್ತು. ನಾವು ಜಾಗ ಬಿಟ್ಟು ಕೂತಿರ್ಬೇಕು" ಎಂದಿದ್ದರು. ತಾವಾಗಿ ಜೀವ ಕಳೆದುಕೊಂಡವರಿಗೆ ಕ್ರಮವೇ ಬೇರೆ. ಮೊದಲು ನಾರಾಯಣಬಲಿ ಆಗಬೇಕು. ಅದಾಗದೆ ಇಟ್ಟ ಪಿಂಡ ಅವರಿಗೆ ಮುಟ್ಟುವುದಿಲ್ಲ ಎಂಬುದು ಮಾವನವರ ಗಟ್ಟಿ ನಂಬಿಕೆ.

ಮೇಡಂ ಮೊದಲ ಸಲ ನಮ್ಮ ಮನೆಗೆ ಬಂದದ್ದು ವೈಶಾಖದಲ್ಲಿ, ತಂಗಿಯ ತಿಥಿಗೆ. ಸಣ್ಣ ಆಳು, ಗಂಜಿ ಹಾಕಿದ ಬಿಳಿ ಸೀರೆ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಸೀಮೆಸುಣ್ಣ ಹಿಡಿದಂತೆ ಸದಾ ಜೋಡಿಸಿಕೊಂಡಿರುತ್ತಿದ್ದರು. ಮಾವನವರು ಹೇಗೆ ಹೋದರು ಎಂದು ಕೇಳಿದರು. "ಕಾಮಾಲೆ. ಹತ್ತು ದಿನ ಜ್ವರ ಇತ್ತು, ಆಮೇಲೆ ಕಾಮಾಲೆ ಆಯ್ತು, ಊರಲ್ಲಿ ಒಳ್ಳೆ ಡಾಕ್ಟ್ರು ಇರ್ಲಿಲ್ಲ" ಎಂದರು ಮೇಡಂ, ಗಂಟು ಅರ್ಧವಾಗುವ ಮೊದಲೇ. ಮಾವನವರು ಬರೆದುಕೊಂಡರು. ಮೇಡಂ ದರ್ಭೆ ಕೊಟ್ಟು ತಮ್ಮ ಪರವಾಗಿ ಮಾಡಲು ಒಪ್ಪಿಸಿ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ಕುಳಿತರು. ಅಲ್ಲಿ ಬೇಳೆಯ ಡಬ್ಬಿಗಳ ಪಕ್ಕದಲ್ಲಿ ನನ್ನ ಎಂ.ಎ. ಪುಸ್ತಕಗಳಿದ್ದವು. ನಂಜನಗೂಡಿನಿಂದ ಮದುವೆಯಾಗಿ ಬಂದವಳು ನಾನು, ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುತ್ತಿದ್ದೆ.

"ಭಯದ ಕತೆಗಳು" ಎಂದು ಒಂದು ಪುಸ್ತಕದ ಬೆನ್ನು ಓದಿ ಮೇಡಂ ನಕ್ಕರು. "ಇದನ್ನ ಯಾರು ಹೇಳ್ಕೊಡ್ತಾರೆ ನಿಂಗೆ?"

"ಯಾರೂ ಇಲ್ಲ. ಬಾಯಿಪಾಠ ಮಾಡ್ತೀನಿ."

"ಭಯಾನ ಬಾಯಿಪಾಠ ಮಾಡೋದಾ?" ಎಂದರು. "ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬಾ."

ಹೀಗೆ ಶುರುವಾಯಿತು. ಶಿವಾಲದ ಆ ಕೋಣೆಗೆ ಒಂದೇ ಕಿಟಕಿ, ಕೋತಿಗಳಿಗೆಂದು ಹಾಕಿಸಿದ ಕಬ್ಬಿಣದ ಜಾಲರಿ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಸಂಜೆಗೇ ಬರುವುದು. ಬೆವರು ಒರೆಸಿಕೊಳ್ಳುತ್ತ ದೆವ್ವದ ಕತೆ ಓದುವುದು ತಮಾಷೆಯಾಗಿ ಕಾಣುತ್ತಿತ್ತು. ಕತ್ತಲೆ, ಬಿರುಗಾಳಿ, ಪಾಳು ಮನೆ ಇಲ್ಲದೆ ಹೇಗೆ ಹೆದರಿಸುವುದು ಎಂದು ನಾನು ಕೇಳಿದೆ. "ಗಾಳಿ, ಗೂಬೆ, ಜೇಡರಬಲೆ ಎಲ್ಲ ಬಾಡಿಗೆ ಸಾಮಾನು. ಕತೆಯ ಮನಸ್ಸು ಕೆಟ್ಟಿದ್ರೆ ಹನ್ನೆರಡು ಗಂಟೆ ಬಿಸಿಲಲ್ಲೂ ಮೈ ನಡುಗುತ್ತೆ" ಎಂದರು. ಅಷ್ಟರಲ್ಲಿ ಕೆಳಗೆ ಗಲ್ಲಿಯಲ್ಲಿ 'ರಾಮನಾಮ ಸತ್ಯ' ಎನ್ನುತ್ತ ಒಂದು ಹೆಣ ಹರಿಶ್ಚಂದ್ರ ಘಾಟಿನ ಕಡೆ ಹೋಯಿತು. ಮೇಡಂ ಎದ್ದು ನೋಡಲೂ ಇಲ್ಲ. "ಈ ಊರಲ್ಲಿ ಹೆಣ ಯಾರನ್ನೂ ಹೆದರಿಸಲ್ಲ. ಮುಚ್ಚಿದ ಬಾಗಿಲು ಹೆದರಿಸುತ್ತೆ."

ಅವರ ಪಾಠದಲ್ಲಿ ದೊಡ್ಡ ದೊಡ್ಡ ಪದಗಳು ಇರಲಿಲ್ಲ. ಒಂದು ದಿನ ಹಾಲಿನವನು ಮೆಟ್ಟಿಲು ಹತ್ತಿ ಬಂದು, ಪಾತ್ರೆಗೆ ಹಾಲು ಸುರಿಯುತ್ತ, "ಆಜ್ ಪಾನೀ ನೈಖೇ ಮಾಜೀ" ಎಂದ. ಇವತ್ತು ನೀರು ಹಾಕಿಲ್ಲ ಎಂದು. ಅವನು ಇಳಿದು ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿ, "ನಾವು ಕೇಳಿದ್ವಾ?" ಎಂದರು. "ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಕೊಡೋನು ಎಲ್ಲೋ ಸಿಕ್ಕಿಹಾಕ್ಕೊಂಡಿದಾನೆ. ಕತೆ ಹೇಳೋನೂ ಅಷ್ಟೇ. ಅವನು ಹೇಳೋದನ್ನ ನಂಬ್ಬೇಡ, ಯಾಕೆ ಹೇಳ್ತಿದಾನೆ ನೋಡು." ಆಮೇಲೆ ಅಲ್ಲೇ ಒಂದು ಕತೆ ಕಟ್ಟಿದರು. ಒಂದು ದೊಡ್ಡ ಮನೆ, ಒಬ್ಬ ಕಾವಲುಗಾರ. ದಾರಿಹೋಕನೊಬ್ಬನಿಗೆ ಮನೆ ತೋರಿಸುತ್ತಾನೆ. ಯಜಮಾನಿ ಗಾಳಿ ಬದಲಾವಣೆಗೆ ಹೋಗಿದ್ದಾರೆ, ಬೇಗ ಬರುತ್ತಾರೆ ಎನ್ನುತ್ತಾನೆ. ಪಿಂಗಾಣಿ ತೋರಿಸಿ ಬೇಗ ಬರುತ್ತಾರೆ ಎನ್ನುತ್ತಾನೆ. ಬೀಗ ಹಾಕಿದ ಒಂದು ಕೋಣೆ ದಾಟುವಾಗ ಮತ್ತೆ ಬೇಗ ಬರುತ್ತಾರೆ ಎನ್ನುತ್ತಾನೆ. "ಎಲ್ಲಿ ಹೆದರಿಕೆ ಆಯ್ತು?" ಎಂದರು. ಬೀಗದ ಹತ್ತಿರ ಎಂದೆ. "ಅಲ್ಲ. ಮೂರನೇ ಸಲ ಬೇಗ ಬರ್ತಾರೆ ಅಂದನಲ್ಲ, ಅಲ್ಲಿ. ಬೀಗ ಬರೀ ಬೀಗ."

ಸ್ವರದ ವಿಷಯವನ್ನೂ ಹಾಗೆಯೇ ಕಲಿಸಿದರು. ಒಂದೇ ಪ್ಯಾರಾವನ್ನು ಎರಡು ಸಲ ಓದಿದರು. ಮೊದಲು ನಡುಗುವ ದನಿಯಲ್ಲಿ; ನನಗೆ ನಗು ಬಂತು. ಎರಡನೆಯ ಸಲ ದಿನಸಿ ಚೀಟಿ ಓದುವವರ ಹಾಗೆ ಓದಿದರು. ಆ ಬಿಸಿಲಲ್ಲಿ ನನ್ನ ಕೈ ತಣ್ಣಗಾಯಿತು. "ನಿಜವಾಗಿ ಭಯ ಪಟ್ಟೋರು ಕೂಗಲ್ಲ. ಲೆಕ್ಕವಾಗಿ ಮಾತಾಡ್ತಾರೆ" ಎಂದರು. ಮಾವನವರು ಪವಿತ್ರ ಕಟ್ಟುತ್ತ ಕಾಯುವುದನ್ನು ಮೆಚ್ಚಿ, "ಕುತೂಹಲ ಹುಟ್ಟೋದು ಮಾತಿನಿಂದಲ್ಲ, ಮಾತಿನ ನಡುವಿನ ಜಾಗದಿಂದ. ನಿಮ್ಮಾವನಿಗೆ ಅದು ಗೊತ್ತು. ನಿಂಗೆ ಗೊತ್ತಿಲ್ಲ, ನೀನು ಸುಮ್ನಿರೋಳಲ್ಲ" ಎಂದು ಚುಚ್ಚಿದರು. ನನ್ನ ಬಾಯಿ ಚುರುಕು ಎಂಬುದು ನನ್ನ ತವರಿನಲ್ಲೂ ಪ್ರಸಿದ್ಧ.

ಎರಡನೆಯ ವರ್ಷವೋ ಮೂರನೆಯ ವರ್ಷವೋ, ಅವರ ಕೋಣೆಯ ಬಾಗಿಲಿಗೆ ಒಳಗಿನ ಚಿಲಕ ಇಲ್ಲದಿರುವುದು ನನ್ನ ಕಣ್ಣಿಗೆ ಬಿತ್ತು. ತಿರುಪಿನ ನಾಲ್ಕು ತೂತು ಮಾತ್ರ ಇದ್ದವು. ಕೇಳಿದ್ದಕ್ಕೆ, "ಕೋತಿ ಒಳಗೆ ಬಂದು ಚಿಲಕ ಹಾಕ್ಕೊಂಡ್ರೆ?" ಎಂದರು. ಮನೆಯ ಒಡತಿಗೆ ಬೇರೆಯೇ ಹೇಳಿದ್ದರು: ವಯಸ್ಸಾಯಿತು, ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ ಎಂದು. ಒಂದು ಕೆಲಸಕ್ಕೆ ಎರಡು ಕಾರಣ ಕೊಡುವವರನ್ನು ನಂಬಬೇಡ ಎಂದು ನನಗೆ ಕಲಿಸಿದವರೇ ಅವರು. ಇನ್ನೊಂದು ದಿನ ದೋಸೆ ಹುಯ್ದು ಒಯ್ದಿದ್ದೆ. ತಟ್ಟೆ ನೋಡುತ್ತ, "ನನ್ನ ತಂಗಿಗೆ ದೋಸೆ ಅಂದ್ರೆ ಪ್ರಾಣ. ಹೋದ ದಿನ ಬೆಳಿಗ್ಗೇನೂ ಎರಡು ತಿಂದ್ಲು" ಎಂದರು. ಹತ್ತು ದಿನ ಜ್ವರ ಬಂದು ಕಾಮಾಲೆಯಾದವಳು ಎರಡು ದೋಸೆ ತಿನ್ನುತ್ತಾಳೆಯೇ ಎಂದು ಮನೆಗೆ ನಡೆಯುತ್ತ ಯೋಚಿಸಿದೆ.

ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಪರೀಕ್ಷೆ ಹತ್ತಿರವಾಗಿತ್ತು, ನನ್ನ ಜಾಣತನದ ಮೇಲೆ ನನಗೆ ಮೋಹ ಹುಟ್ಟಿತ್ತು. 'ನಂಬಲಾಗದ ನಿರೂಪಕಿ' ಎಂಬ ವಿಷಯಕ್ಕೆ ಒಂದು ಪ್ರಬಂಧ ಬರೆದು ಕಳಿಸಬೇಕಿತ್ತು. ಪುಸ್ತಕದ ಕತೆ ಬಿಟ್ಟು, ಒಬ್ಬ ನಿವೃತ್ತ ಅಧ್ಯಾಪಕಿಯ ಕತೆಯನ್ನೇ ತೆಗೆದುಕೊಂಡೆ. ಅವಳು ಕೇಳದೆಯೇ ಹತ್ತು ದಿನದ ಲೆಕ್ಕ ಕೊಡುತ್ತಾಳೆ, ಚಿಲಕಕ್ಕೆ ಎರಡು ಕಾರಣ ಹೇಳುತ್ತಾಳೆ, ಸಾಯುವ ರೋಗಿಗೆ ದೋಸೆ ತಿನ್ನಿಸುತ್ತಾಳೆ, ಆದ್ದರಿಂದ ಆ ಸಾವು ಮುಚ್ಚಿದ ಬಾಗಿಲ ಹಿಂದೆ ನಡೆದಿದೆ ಎಂದು ನಾಲ್ಕು ಪುಟ ಬರೆದು ಅವರ ಕೈಯಲ್ಲಿಟ್ಟೆ. ಅವರು ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೇಡಂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕೆಂಪು ಪೆನ್ನಿನಲ್ಲಿ ಎರಡು ಕಡೆ ವಾಕ್ಯ ತಿದ್ದಿದರು. ಕೊನೆಗೆ ಹತ್ತಕ್ಕೆ ಒಂಬತ್ತು ಎಂದು ಬರೆದು ಪುಸ್ತಕ ಮುಚ್ಚಿದರು.

"ಒಂದು ಅಂಕ ಯಾಕೆ ಹೋಯ್ತು ಗೊತ್ತಾ?" ಎಂದರು. "ಅವಳು ಸುಳ್ಳು ಹೇಳಿದ್ಲು ಅಂತ ಬರ್ದಿದೀಯ. ಹೇಳಿ ಎಷ್ಟು ಸುಖ ಪಟ್ಟಿದಾಳೆ ಅಂತ ಕೇಳ್ಲಿಲ್ಲ."

ಆಮೇಲೆ ಹೇಳಿದರು. ದಿನಸಿ ಚೀಟಿಯ ದನಿಯಲ್ಲೇ ಹೇಳಿದರು. ತಂಗಿಗೆ ಹತ್ತೊಂಬತ್ತು ವರ್ಷ, ಅಪ್ಪ ಅಮ್ಮ ಇರಲಿಲ್ಲ, ಅಕ್ಕನ ಜೊತೆಗಿದ್ದು ಅಕ್ಕನ ಕಾಲೇಜಿನಲ್ಲೇ ಓದುತ್ತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದಳು. ಹಿಡಿದವರು ಮೇಡಂ. ಸ್ವಂತ ತಂಗಿಯನ್ನೂ ಬಿಡಲಿಲ್ಲ ಎನ್ನಿಸಿಕೊಳ್ಳುವ ಹಟಕ್ಕೆ ಎಲ್ಲರ ಮುಂದೆ ಎಬ್ಬಿಸಿ ಹೊರಗೆ ಕಳಿಸಿದರು. ಮಧ್ಯಾಹ್ನ ಮನೆಗೆ ಬಂದರೆ ಅವಳ ಕೋಣೆಯ ಬಾಗಿಲು ಹಾಕಿತ್ತು.

"ನಾನು ಹೊರಗೆ ಕೂತು ಪೇಪರ್ ತಿದ್ತಾ ಇದ್ದೆ. ಒಳಗೆ ಸ್ಟೂಲ್ ಬಿದ್ದ ಸದ್ದಾಯ್ತು. ನಾಟಕ ಆಡ್ತಿದಾಳೆ ಅನ್ಕೊಂಡೆ. ಇನ್ನು ಹನ್ನೊಂದು ಪೇಪರ್ ಇತ್ತು. ಮುಗಿಸಿ ಎದ್ದೆ."

ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ಮೇಡಂ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ಪರಿಚಯದ ಡಾಕ್ಟ್ರು ಕಾಮಾಲೆ ಅಂತ ಬರ್ಕೊಟ್ರು. ನಾನೂ ಅದನ್ನೇ ಹೇಳ್ತಾ ಬಂದೆ. ನಾನು ದೆವ್ವ ಪಿಶಾಚಿ ನಂಬೋಳಲ್ಲ ಕಣೇ. ಶ್ರಾದ್ಧಾನೂ ನಂಬ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ವಯಸ್ಸಾಗ್ತಾ ಆಗ್ತಾ ಅವಳು ಹಸ್ಕೊಂಡಿದಾಳೆ ಅನ್ಸೋಕೆ ಶುರುವಾಯ್ತು. ಎರಡು ದೋಸೆ ತಿಂದೋಳು, ಆಮೇಲೆ ಏನೂ ಇಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಬಂದು ಪ್ರತಿ ವರ್ಷ ನಿಮ್ಮಾವನ ಮುಂದೆ ಕಾಮಾಲೆ ಅಂತ ಹೇಳಿ ಏಳ್ತೀನಿ."

ಮಾವನವರಿಗೆ ನಾನೇ ತಿಳಿಸಲೇ ಎಂದು ಕೇಳಿದೆ. ಬೇಡ ಎಂದರು. "ನನ್ನ ಬಾಯಿಂದಾನೇ ಬರ್ಬೇಕು. ಈ ಸಲ ಹೇಳ್ತೀನಿ. ನೀನು ಅನ್ನ ಬೇಯ್ಸು, ಸಾಕು."

ತಿಥಿಗೆ ಇನ್ನೂ ಹದಿನೈದು ದಿನವಿತ್ತು. ಆ ಹದಿನೈದು ದಿನ ಮೇಡಂ ಪಾಠ ಮಾಡಲಿಲ್ಲ. ಮಂಗಳವಾರ ಹೋದರೆ ಜಾಲರಿಯ ಹತ್ತಿರ ನಿಂತು ತುಟಿ ಆಡಿಸುತ್ತಿದ್ದರು. ಒಂದೇ ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದರು ಎಂದು ನನಗೆ ಗೊತ್ತಿತ್ತು.

ತಿಥಿಯ ಬೆಳಿಗ್ಗೆ ಬಂದರು. ಮಾವನವರು ಮಣೆಯ ಮೇಲೆ, ಮೇಡಂ ಎದುರಿಗೆ ಚಾಪೆಯ ಮೇಲೆ. ಪಡಸಾಲೆಯ ಆ ಕಡೆ ಚಿತ್ರದುರ್ಗದಿಂದ ಬಂದ ಯಾತ್ರಿಕರ ಒಂದು ಗುಂಪು ತಮ್ಮ ಸರದಿಗೆ ಕಾಯುತ್ತಿತ್ತು. ನಾನು ಪಿಂಡಕ್ಕೆ ಬೇಯಿಸಿದ ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಹೇಗೆ ಹೋದ್ರಮ್ಮ ತಂಗಿ?" ಎಂದರು ಮಾವನವರು, ದರ್ಭೆ ಎತ್ತಿಕೊಂಡು.

ಮೂರು ವರ್ಷ ಗಂಟು ಅರ್ಧವಾಗುವ ಮೊದಲು ಉತ್ತರ ಕೊಟ್ಟಿದ್ದ ಮೇಡಂ ಅವತ್ತು ಸುಮ್ಮನಿದ್ದರು. ಬಾಯಿ ತೆರೆದರು, ಮುಚ್ಚಿದರು. ಹೆಬ್ಬೆರಳು ತೋರುಬೆರಳು ಜೋಡಿಸಿದ್ದು ಬಿಟ್ಟುಹೋಗಿತ್ತು. ಯಾತ್ರಿಕರಲ್ಲಿ ಒಬ್ಬಾಕೆ ಬಗ್ಗಿ ಅವರ ಮುಖ ನೋಡಿದಳು. ಮಾವನವರ ಬೆರಳು ದರ್ಭೆಯನ್ನು ಮೆಲ್ಲಗೆ ತಿರುವುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅವರ ಪಾಡು ನೋಡಲಾರದೆ ಎಂದು ಆಗ ಅಂದುಕೊಂಡೆ. ನೋಡುವವರ ಮುಂದೆ ನನಗೆ ಮುಜುಗರವಾಗಿತ್ತು ಎಂಬುದೂ ನಿಜ.

"ಕಾಮಾಲೆ ಮಾವ. ಹತ್ತು ದಿನ ಜ್ವರ ಇತ್ತಂತೆ" ಎಂದೆ.

ಮಾವನವರು ಮುಖ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮೇಡಂ ಕಡೆ ನೋಡಿದರು. ಮೇಡಂ ಹೌದೆಂದು ತಲೆಯಾಡಿಸಿದರು. ಗಂಟು ಬಿಗಿಯಿತು. ಅನ್ನ ಒಳಗೆ ಹೋಯಿತು, ಮೂರು ಪಿಂಡವಾಯಿತು, ಗಂಗೆಗೆ ಹೋಯಿತು.

ಹೊರಡುವಾಗ ಮೇಡಂ ಜೊತೆ ಮೆಟ್ಟಿಲ ತನಕ ಹೋದೆ. ಅವರಿಗೆ ಸಿಟ್ಟು ಬಂದಿರಲಿಲ್ಲ. ಅದೇ ಕಷ್ಟವಾಯಿತು.

"ನಾನು ಹೇಳೋಳಿದ್ದೆ" ಎಂದರು. ಎರಡು ಮೆಟ್ಟಿಲು ಇಳಿದು ನಿಂತು, "ಹತ್ತು ದಿನ ಅಂತ ಯಾಕೆ ಸೇರ್ಸಿದೆ? ಅವರು ಕೇಳಿರ್ಲಿಲ್ಲ" ಎಂದರು.

ನಾನು ಅಳತೊಡಗಿದೆ. "ಇರ್ಲಿ ಬಿಡು. ಮುಂದಿನ ವರ್ಷ ನೋಡೋಣ. ನೀನು ಮಾತ್ರ ಬಾಯಿ ಹಾಕ್ಬೇಡ" ಎಂದು ನನ್ನ ತಲೆ ಮುಟ್ಟಿ ಇಳಿದು ಹೋದರು.

ಮುಂದಿನ ವರ್ಷ ಅವರಿಗೆ ಬರಲಿಲ್ಲ. ಪುಷ್ಯದ ಚಳಿಯಲ್ಲಿ, ಮಂಜು ಬಿಟ್ಟು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಪಾಠಕ್ಕೆಂದು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದರು, ಕನ್ನಡಕ ಮೂಗಿನ ಮೇಲೇ ಇತ್ತು. ತೆರೆದ ಬಾಗಿಲಿನಿಂದ ಬಂದ ಕೋತಿಯೊಂದು ಮಂಡಕ್ಕಿಯ ಡಬ್ಬಿ ಉರುಳಿಸಿ ಹೋಗಿತ್ತು. ಮೈ ಆಗಲೇ ತಣ್ಣಗಿತ್ತು. ಅವರ ಕಡೆಯವರು ಯಾರೂ ಇರಲಿಲ್ಲ, ಎಲ್ಲವನ್ನೂ ಮಾವನವರೇ ಮಾಡಿದರು. ಶುರು ಮಾಡುವ ಮೊದಲು ನನ್ನನ್ನು ಕೂರಿಸಿಕೊಂಡು, ಪದ್ಧತಿಯಂತೆ, ಹೇಗೆ ಹೋದರು ಎಂದು ಕೇಳಿದರು.

"ಹೃದಯ ನಿಂತು" ಎಂದೆ. ಅದು ನಿಜವಾಗಿತ್ತು. ಗಂಟು ಬಿಗಿದ ಮೇಲೂ ಮಾವನವರು ಸ್ವಲ್ಪ ಹೊತ್ತು ಕಾದರು. ಇನ್ನೊಂದು ಸಾವಿನ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಸುಮ್ಮನಿರಬೇಕಾದಲ್ಲಿ ಮಾತಾಡಿದವಳು ಮಾತಾಡಬೇಕಾದಲ್ಲಿ ಸುಮ್ಮನಿದ್ದೆ. ನನ್ನ ಮಾತಿನ ಮೇಲೆ ಸಂಕಲ್ಪ ಮಾಡಿದವರಿಗೆ ಅದು ಸುಳ್ಳು ಎಂದು ಹೇಗೆ ಹೇಳುವುದು ಎಂಬ ಹೆದರಿಕೆ, ಅಷ್ಟೇ. ಹದಿಮೂರನೆಯ ದಿನ ಕಳೆದ ಮೇಲೆ ಕೋಣೆ ಖಾಲಿ ಮಾಡಲು ಹೋದೆ. ಮನೆಯ ಒಡತಿ ಆಗಲೇ ಬಡಗಿಯನ್ನು ಕರೆಸಿ ಹೊಸ ಬಾಡಿಗೆಯವರಿಗಾಗಿ ಹೊಸ ಚಿಲಕ ಹಾಕಿಸುತ್ತಿದ್ದಳು. ಹಳೆಯ ಚಿಲಕ ಮೇಡಂ ಪೆಟ್ಟಿಗೆಯಲ್ಲಿ, ಕೆಂಪು ಪೆನ್ನಿನ ಪಕ್ಕ, ಕಾಗದದಲ್ಲಿ ಸುತ್ತಿ ಇಟ್ಟಿತ್ತು.

ಆಮೇಲೆ ತಂಗಿಯ ತಿಥಿಗೆ ದರ್ಭೆ ಕೊಡುವವಳು ನಾನಾದೆ. ಮಾವನವರು ಎರಡು ವರ್ಷ ಕೇಳಿದರು, ಎರಡು ವರ್ಷವೂ ಕಾಮಾಲೆ ಎಂದೆ. ಮಾವನವರು ತೀರಿಕೊಂಡರು, ಕೆಲಸ ನನ್ನ ಗಂಡನ ಕೈಗೆ ಬಂತು. ಅವರೂ ಎರಡು ವರ್ಷ ಕೇಳಿದರು, ಅವರಿಗೂ ಕಾಮಾಲೆ ಎಂದೆ. ನಡುವೆ ನನ್ನ ಎಂ.ಎ. ಮುಗಿಯಿತು. ಭಯದ ಕತೆಗಳ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂತು. ಅನ್ನ ಬೇಯಿಸುವಾಗ ಮಾತ್ರ ಪ್ರತಿ ವರ್ಷ ಅದೇ ಮಾತು ನೆನಪಾಗುತ್ತಿತ್ತು, ಹಸ್ಕೊಂಡಿದಾಳೆ ಎಂಬುದು.

ನಿನ್ನೆ ಬೆಳಿಗ್ಗೆಯೂ ಅನ್ನ ಬೇಯಿಸಿ ಪಾತ್ರೆ ತಂದಿಟ್ಟು ಎದುರಿಗೆ ಕುಳಿತೆ. ನನ್ನ ಗಂಡ ಕಾಶಿಯಲ್ಲೇ ಹುಟ್ಟಿ ಬೆಳೆದವರು, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾರೆ. ಮೊಬೈಲು ಪಕ್ಕಕ್ಕಿಟ್ಟು ಅಪ್ಪನ ಪುಸ್ತಕ ತೆರೆದು ಬೆರಳಿಟ್ಟು ನೋಡಿದರು.

"ನಾಮ ಇದೆ, ಗೋತ್ರ ಇದೆ. ಹೇಗೆ ಹೋದ್ರು?" ಎಂದರು. "ಕಾಮಾಲೆ ಅಂತ ಬರ್ದಿದಾರೆ ಅಪ್ಪ. ಪೀಲಿಯಾ ತಾನೆ?"

ಕೇಳಿ ದರ್ಭೆ ಎತ್ತಿಕೊಂಡರು. ಬೇರೆ ಎಲ್ಲದರಲ್ಲೂ ಅವಸರದ ಮನುಷ್ಯ. ಪವಿತ್ರ ಕಟ್ಟುವಾಗ ಮಾತ್ರ ಕೈ ಅಪ್ಪನದೇ. ತಲೆ ತಗ್ಗಿಸಿ ಮೆಲ್ಲಗೆ ತಿರುವಿದರು.

"ಕಾಮಾಲೆ ಅಲ್ಲ" ಎಂದೆ.

ಅವರು ಮುಖ ಎತ್ತಲಿಲ್ಲ. ಕಾದರು.

"ಒಳಗಿಂದ ಚಿಲಕ ಹಾಕ್ಕೊಂಡು, ತಾವೇ ಜೀವ ತಕ್ಕೊಂಡ್ರು."

ಅರ್ಧ ಕಟ್ಟಿದ್ದ ಪವಿತ್ರವನ್ನು ಬಿಚ್ಚಿ ಕೆಳಗಿಟ್ಟರು. "ಹಾಗಾದ್ರೆ ಈ ಅನ್ನ ಇವತ್ತು ಬೇಡ. ಮೊದ್ಲು ನಾರಾಯಣಬಲಿ ಆಗ್ಬೇಕು. ಒಳ್ಳೆ ದಿನ ನೋಡ್ತೀನಿ" ಎಂದರು. ಆಮೇಲೆ ಪುಸ್ತಕದಲ್ಲಿ ಅಪ್ಪನ ಅಕ್ಷರ ನೋಡುತ್ತ, ಮೆಲ್ಲಗೆ, "ನಿಂಗೆ ಯಾವಾಗಿಂದ ಗೊತ್ತು?" ಎಂದು ಕೇಳಿದರು.

"ಐದು ವರ್ಷದಿಂದ."

ಇನ್ನೇನಾದರೂ ಹೇಳುತ್ತೇನೆಂದು ಅವರು ಕಾದರು. ಕಾರಣಗಳು ಬಾಯಿತನಕ ಬಂದಿದ್ದವು, ಎರಡಲ್ಲ, ಹತ್ತು. ಅವರು ಕೇಳಿರಲಿಲ್ಲ. ನಾನು ಒಂದನ್ನೂ ಹೇಳಲಿಲ್ಲ.